ಗಾಯಗೊಂಡ ಕೈಗೆ ಫ್ಲಮೆಂಕೊ ಪಥ್ಯ

ಗಿಟಾರ್ ಎಂದೊಡನೆ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಹಳೆಯ ಹಿಂದಿ ಚಿತ್ರಗೀತೆಗಳ ನಡುವೆ ಕೇಳಿಬರುತ್ತಿದ್ದ ಹವಾಯಿಯನ್ ಗಿಟಾರಿನ ಜಾರುವ ನಾದ. ಇಲ್ಲವೇ ಕಾಲೇಜಿನ ವಾರ್ಷಿಕೋತ್ಸವಕ್ಕೆ ಗೆಳೆಯನೊಬ್ಬ ಕೊರಳಿಗೆ ತೂಗುಹಾಕಿಕೊಂಡು ಬರುತ್ತಿದ್ದ, ನಾಲ್ಕೇ ನಾಲ್ಕು ಸ್ವರಮೇಳ ಬಲ್ಲ ವಾದ್ಯ. ನಮ್ಮ ಮಕ್ಕಳಿಗೆ ನೆನಪಾಗುವುದು ಬೇರೆ. 2011ರಲ್ಲಿ ತೆರೆಕಂಡ ‘ಜಿಂದಗಿ ನಾ ಮಿಲೇಗಿ ದೋಬಾರಾ’ ಚಿತ್ರದ ‘ಸೆನ್ಯೊರೀಟಾ’ ಹಾಡು ಮೊಳಗದ ಮನೆ ಆ ವರ್ಷ ಬಹುಶಃ ಇರಲಿಲ್ಲ. ಅದರಲ್ಲಿ ಚಪ್ಪಾಳೆ, ಹಿಮ್ಮಡಿಯ ಸದ್ದು ಮತ್ತು ಗಿಟಾರಿನ ತಂತಿಗಳ ಮೇಲೆ ಮಳೆ ಸುರಿದಂತೆ ಬೀಳುವ ಬೆರಳುಗಳ ಬಿರುಸು ಒಂದಾಗಿ ಕೇಳಿಸುತ್ತವಲ್ಲ, ಅದು ಫ್ಲಮೆಂಕೊ ಸಂಪ್ರದಾಯದಿಂದ ಬಂದದ್ದು.

ಫ್ಲಮೆಂಕೊ ಸ್ಪೇನ್ ದೇಶದ ದಕ್ಷಿಣದ ಆಂದಲೂಸಿಯಾ ಪ್ರಾಂತ್ಯದ ಕಲೆ. ಹಾಡು, ಕುಣಿತ ಮತ್ತು ಗಿಟಾರ್ ವಾದನ ಈ ಮೂರೂ ಕೂಡಿದ್ದು. ಯುನೆಸ್ಕೊ ಸಂಸ್ಥೆ 2010ರಲ್ಲಿ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇದನ್ನು ಬೆಳೆಸಿದವರಲ್ಲಿ ಅಲ್ಲಿಯ ‘ಖಿತಾನೊ’ ಜನರು, ಅಂದರೆ ಸ್ಪೇನಿನ ರೋಮಾ ಸಮುದಾಯದವರು, ಪ್ರಮುಖರು. ರೋಮಾ ಜನರ ಭಾಷೆ ಹಿಂದಿ, ಪಂಜಾಬಿ, ಗುಜರಾತಿಗಳ ಕುಲಕ್ಕೇ ಸೇರಿದ್ದು. ಅವರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ನಮ್ಮ ದೇಶದಿಂದ ಪಶ್ಚಿಮಕ್ಕೆ ನಡೆದುಹೋದವರು. ಆದುದರಿಂದ ಫ್ಲಮೆಂಕೊ ಗಿಟಾರಿನಲ್ಲಿ ನಮ್ಮ ಕಿವಿಗೆ ಪರಿಚಿತವಾದ ಛಾಯೆಯೊಂದು ಸುಳಿದರೆ ಅಚ್ಚರಿಯಿಲ್ಲ. ಅದರ ಮುಖ್ಯ ಸ್ವರಶ್ರೇಣಿಗಳು ನಮ್ಮ ಹನುಮತೋಡಿ ಮತ್ತು ವಕುಳಾಭರಣ ಮೇಳಗಳ ಸ್ವರಗಳನ್ನೇ ಹೋಲುತ್ತವೆ. ಇದಕ್ಕೆ ಅರಬ್ ಸಂಗೀತದ ಪ್ರಭಾವವೇ ಹೆಚ್ಚು ಕಾರಣವೆಂಬ ವಾದವೂ ಇದೆ. ಆ ಚರ್ಚೆ ಇಲ್ಲಿ ಬೇಡ.

ನಾನು ಬರೆಯಹೊರಟಿರುವುದು ಈ ವಾದನದ ಒಂದು ಕಿರಿದಾದ, ಆದರೆ ನಮ್ಮ ಊರಿಗೆ ಸಲ್ಲುವ ವಿಷಯ. ಕೈಗೆ ಪೆಟ್ಟಾದವರು ಈ ವಾದ್ಯಕ್ಕೆ ಮರಳುವುದು ಹೇಗೆ? ಮಕರಪುರದಲ್ಲಿ ನೆಲೆಸಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಔದ್ಯೋಗಿಕ ವಸಾಹತಿನಲ್ಲಿ ಲೇತ್, ಪ್ರೆಸ್ ಯಂತ್ರ, ತಗಡು ಕತ್ತರಿಸುವ ಯಂತ್ರಗಳ ಸದ್ದಿಲ್ಲದ ಬೀದಿ ವಿರಳ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಮನುಷ್ಯರ ಮುಖಕ್ಕಿಂತ ಕೈಗಳೇ ಹೆಚ್ಚು ಕಾಣುತ್ತವೆ. ಸಹಿ ಹಾಕುವ ಕೈ, ನೋಟು ಎಣಿಸುವ ಕೈ. ಅವುಗಳಲ್ಲಿ ಒಂದೆರಡು ಗೆಣ್ಣು ಕಡಿಮೆಯಿರುವ ಬೆರಳುಗಳನ್ನೂ ಮಡಚಲಾರದೆ ನೆಟ್ಟಗೆ ನಿಂತ ಬೆರಳುಗಳನ್ನೂ ನಾನು ಅನೇಕ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಗಾಯವಾದ ಕೈ ಮತ್ತೆ ಕೆಲಸಕ್ಕೆ ಹೋಗುವುದೋ ಇಲ್ಲವೋ ಎಂದು ಎಲ್ಲರೂ ಕೇಳುತ್ತಾರೆ. ಆ ಕೈ ವೀಣೆಯನ್ನೋ ತಬಲವನ್ನೋ ಗಿಟಾರನ್ನೋ ನುಡಿಸುತ್ತಿತ್ತೆಂಬುದನ್ನು ಕೇಳುವವರು ಕಡಿಮೆ. ವಾದ್ಯ ಅಟ್ಟಕ್ಕೇರುತ್ತದೆ, ಅಲ್ಲಿಗೆ ಮುಗಿಯಿತು!

ಮೊದಲು ಕೈಯ ರಚನೆಯನ್ನು ಸ್ವಲ್ಪ ನೋಡೋಣ. ನಮ್ಮ ಬೆರಳುಗಳನ್ನು ಬಗ್ಗಿಸಿ ಚಾಚುವ ಮಾಂಸಖಂಡಗಳು ಬೆರಳುಗಳಲ್ಲಿಯೇ ಇಲ್ಲವೆಂದರೆ ಹಲವರು ನಂಬುವುದಿಲ್ಲ. ಬಲವಾದವು ಮುಂಗೈಯಲ್ಲಿವೆ, ಸೂಕ್ಷ್ಮವಾದ ಕೆಲವು ಅಂಗೈಯಲ್ಲಿವೆ. ಅಲ್ಲಿಂದ ಹೊರಟ ಗಟ್ಟಿ ಹುರಿಗಳಂಥ ಸ್ನಾಯುರಜ್ಜುಗಳು ಬೆರಳಿನ ಎಲುಬುಗಳಿಗೆ ಅಂಟಿಕೊಂಡು ಅವನ್ನು ಎಳೆಯುತ್ತವೆ. ಸೂತ್ರದ ಗೊಂಬೆಯಾಟವೇ ಸರಿ. ಗೊಂಬೆ ಕುಣಿಯುವುದು ಮುಂದೆ, ಸೂತ್ರ ಹಿಡಿದವನು ಇರುವುದು ಹಿಂದೆ. ಅಂಗೈಯ ಕಡೆಯ ರಜ್ಜುಗಳು ಬೆರಳನ್ನು ಮಡಚುತ್ತವೆ, ಹಸ್ತದ ಹಿಂಬದಿಯವು ಬಿಚ್ಚುತ್ತವೆ.

ಓದುಗರು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಅಂಗೈಯನ್ನು ಕೆಳಗೆ ಮಾಡಿ ಮೇಜಿನ ಮೇಲಿಡಿ. ನಡುಬೆರಳನ್ನು ಮಾತ್ರ ಅಂಗೈಯಡಿಗೆ ಮಡಚಿಕೊಳ್ಳಿ. ಈಗ ಉಳಿದ ಬೆರಳುಗಳನ್ನು ಒಂದೊಂದಾಗಿ ಮೇಲೆತ್ತಿ. ಹೆಬ್ಬೆರಳು ಏಳುತ್ತದೆ, ತೋರುಬೆರಳು ಏಳುತ್ತದೆ, ಕಿರುಬೆರಳೂ ಏಳುತ್ತದೆ. ಉಂಗುರಬೆರಳು ಮಾತ್ರ ಮೇಜಿಗೆ ಅಂಟಿಸಿದಂತೆ ಕುಳಿತುಬಿಡುತ್ತದೆ. ಹಸ್ತದ ಹಿಂಬದಿಯಲ್ಲಿ ನಡುಬೆರಳು, ಉಂಗುರಬೆರಳು ಮತ್ತು ಕಿರುಬೆರಳಿನ ರಜ್ಜುಗಳ ನಡುವೆ ಅಡ್ಡಪಟ್ಟಿಗಳಿದ್ದು ಅವು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ತೋರುಬೆರಳಿಗೂ ಕಿರುಬೆರಳಿಗೂ ಬಿಚ್ಚಿಕೊಳ್ಳಲು ತಮ್ಮದೇ ಆದ ಹೆಚ್ಚುವರಿ ರಜ್ಜು ಇದೆ. ಉಂಗುರಬೆರಳಿಗೆ ಆ ಭಾಗ್ಯವಿಲ್ಲ. ಕೂಡುಕುಟುಂಬದ ನಡುವಿನ ಮಗನಂತೆ ಅದು ಯಾವಾಗಲೂ ಇತರರ ಅನುಮತಿ ಕೇಳಬೇಕು.

ಇದಕ್ಕೂ ಫ್ಲಮೆಂಕೊಗೂ ಏನು ಸಂಬಂಧವೆಂದರೆ, ಸಂಬಂಧವೆಲ್ಲ ಇಲ್ಲಿಯೇ ಇದೆ. ತಂತಿವಾದ್ಯಗಳಲ್ಲಿ ಬಲಗೈಯ ಕೆಲಸ ಬಹುಮಟ್ಟಿಗೆ ಬೆರಳನ್ನು ಒಳಕ್ಕೆ ಮಡಚುವ ಕೆಲಸ. ವೀಣೆಯಲ್ಲಿ ತೋರುಬೆರಳು, ನಡುಬೆರಳುಗಳು ತಂತಿಯನ್ನು ಕೆಳಮುಖವಾಗಿ ಮೀಟುತ್ತವೆ; ತಾಳದ ತಂತಿಗಳನ್ನು ಮೀಟುವ ಕಿರುಬೆರಳೊಂದೇ ಅದಕ್ಕೆ ವಿರುದ್ಧವಾಗಿ ಮೇಲ್ಮುಖವಾಗಿ ಚಲಿಸುತ್ತದೆ. ಸಿತಾರಿನಲ್ಲಿ ಮಿಜರಾಬು ತೊಟ್ಟ ತೋರುಬೆರಳು ‘ದಾ’ ಎಂದಾಗ ಒಳಕ್ಕೂ ‘ರಾ’ ಎಂದಾಗ ಹೊರಕ್ಕೂ ಹೋಗುತ್ತದೆ. ಫ್ಲಮೆಂಕೊ ಗಿಟಾರಿನ ‘ರಾಸ್ಗೆಯಾದೊ’ ಎಂಬ ಪ್ರಹಾರದಲ್ಲಿಯಾದರೋ ನಾಲ್ಕೂ ಬೆರಳುಗಳನ್ನು ಅಂಗೈಯೊಳಕ್ಕೆ ಮಡಚಿಕೊಂಡು, ಕಿರುಬೆರಳಿನಿಂದ ಆರಂಭಿಸಿ ಒಂದರ ಹಿಂದೊಂದರಂತೆ ಹೊರಕ್ಕೆ ಚಿಮ್ಮಿಸಬೇಕು. ಮದುವೆಮನೆಯಲ್ಲಿ ಅಕ್ಷತೆ ಎರಚುವಾಗ ಬೆರಳುಗಳು ಬಿಚ್ಚಿಕೊಳ್ಳುತ್ತವಲ್ಲ, ಹಾಗೆ. ಪ್ರತಿ ಬೆರಳೂ ಸಮನಾದ ಬಲದಿಂದ, ಬೇರೆಬೇರೆಯಾಗಿ ಬೀಳಬೇಕು. ಅಂದರೆ ಕೈಯ ಹಿಂಬದಿಯ ರಜ್ಜುಗಳಿಂದ, ಅದರಲ್ಲಿಯೂ ಸ್ವಾತಂತ್ರ್ಯವಿಲ್ಲದ ಉಂಗುರಬೆರಳಿನಿಂದ, ಈ ಶೈಲಿ ಬೇಡುವಷ್ಟನ್ನು ಬೇರೆ ವಾದನಗಳು ಬೇಡುವುದು ಕಡಿಮೆ. ಆರೋಗ್ಯವಾದ ಕೈಗೇ ವರ್ಷಗಟ್ಟಲೆ ಸಾಧನೆ ಬೇಕು.

ನನ್ನ ತಂಗಿಯ ಮಗ ಇಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ತಂತ್ರಜ್ಞ. ಅಂತರ್ಜಾಲದ ವಿಡಿಯೋಗಳನ್ನು ನೋಡಿಕೊಂಡೇ ನಾಲ್ಕು ವರ್ಷ ಫ್ಲಮೆಂಕೊ ಅಭ್ಯಾಸ ಮಾಡಿದ್ದ. ಒಂದು ದಿನ ತಗಡಿನ ಹಾಳೆಯೊಂದು ಜಾರಿ ಅವನ ಬಲಗೈಯ ಹಿಂಬದಿಯನ್ನು ಕೊಯ್ದಿತು. ರಕ್ತ ನಿಂತಿತು, ಬೆರಳುಗಳೆಲ್ಲ ಎತ್ತಲು ಬರುತ್ತಿದ್ದವು, ಹಾಗಾಗಿ ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋಗಬಹುದೆಂದು ಎಲ್ಲರೂ ಭಾವಿಸಿದರು. ಪುಣ್ಯವಶಾತ್ ಪರೀಕ್ಷಿಸಿದ ವೈದ್ಯರು ಪ್ರತಿ ಬೆರಳನ್ನೂ ಪ್ರತಿರೋಧ ಕೊಟ್ಟು ಎತ್ತಿಸಿ ನೋಡಿದರು. ನಡುಬೆರಳಿನ ರಜ್ಜು ಪೂರ್ತಿ ತುಂಡಾಗಿತ್ತು, ಉಂಗುರಬೆರಳಿನದು ಅರ್ಧ. ಮೇಲೆ ಹೇಳಿದ ಅಡ್ಡಪಟ್ಟಿಗಳ ಮೂಲಕ ಪಕ್ಕದ ಬೆರಳುಗಳೇ ನಡುಬೆರಳನ್ನೂ ಎಳೆದು ಎತ್ತುತ್ತಿದ್ದವು! ಕೈಯ ಹಿಂಬದಿಗೆ ಗಾಯವಾದಾಗ ಬೆರಳು ಏಳುತ್ತದೆಂಬುದೊಂದೇ ರಜ್ಜು ಉಳಿದಿದೆಯೆಂಬುದಕ್ಕೆ ಸಾಕ್ಷಿಯಲ್ಲ. ವಾದ್ಯ ನುಡಿಸದ ಮನೆಗಳವರೂ ಈ ಒಂದು ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಶಸ್ತ್ರಚಿಕಿತ್ಸೆಯಾಯಿತು. ರಜ್ಜನ್ನು ಹೊಲಿದ ಮೇಲಿನ ಮೊದಲ ಕೆಲವು ವಾರಗಳೇ ನಾಜೂಕಾದವು. ಎರಡು ತುದಿಗಳನ್ನು ಹಿಡಿದಿರುವುದು ಆಗ ದಾರ ಮಾತ್ರ. ದೇಹ ತನ್ನ ಬೆಸುಗೆಯನ್ನು ಇನ್ನೂ ಹಾಕಿರುವುದಿಲ್ಲ. ಇಂಥ ಗಾಯಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಪಟ್ಟಿಯ ಆಸರೆ ಇರುತ್ತದೆ. ಪೂರ್ಣ ಬಲದ ಕೆಲಸಕ್ಕೆ ಸುಮಾರು 12 ವಾರ ಕಾಯಿಸುತ್ತಾರೆ. ಹಾಗೆಂದು ಕೈಯನ್ನು ಕಲ್ಲಿನಂತೆ ಇಡುವುದೂ ತಪ್ಪು. ಅಲುಗಾಡದ ರಜ್ಜು ಸುತ್ತಲಿನ ಚರ್ಮಕ್ಕೂ ಎಲುಬಿಗೂ ಅಂಟಿಕೊಂಡುಬಿಡುತ್ತದೆ, ಗೆಣ್ಣುಗಳು ಬಿಗಿಯುತ್ತವೆ. ಅದಕ್ಕಾಗಿಯೇ ಈಗಿನ ಕೈತಜ್ಞರು ಆರಂಭದಿಂದಲೇ ಅಳತೆಯಲ್ಲಿ ಚಲನೆ ಕೊಡಿಸುತ್ತಾರೆ. ಆ ಅಳತೆ ಎಷ್ಟು, ಯಾವ ದಿನದಿಂದ ಎಂಬುದನ್ನು ಹೊಲಿದವರೂ ಚಿಕಿತ್ಸಕರೂ ಹೇಳಬೇಕೇ ಹೊರತು ನಾವಲ್ಲ.

ನಮ್ಮ ಸಂಗೀತ ಸಂಸ್ಕೃತಿಯಲ್ಲಿ ಸಾಧನೆ ಎಂದರೆ ಗಂಟೆಗಳ ಲೆಕ್ಕ. ಬೆಳಗಿನ ಜಾವ ಎದ್ದು ಬೆರಳು ಸೀಳುವವರೆಗೆ ನುಡಿಸಿದವರ ಕಥೆಗಳನ್ನು ಕೇಳಿಯೇ ನಾವು ಬೆಳೆದವರು. ಗಾಯಗೊಂಡ ಕೈಗೆ ಈ ಆದರ್ಶ ವಿಷಕ್ಕೆ ಸಮಾನವೆಂದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಬೇಕಾದುದು ನಮ್ಮದೇ ಇನ್ನೊಂದು ಸಂಪ್ರದಾಯ, ಪಥ್ಯ. ವಿಷಮಶೀತ ಜ್ವರ ಬಿಟ್ಟವನಿಗೆ ಅಜ್ಜಿಯರು ಮೊದಲ ದಿನವೇ ಹೋಳಿಗೆ ಬಡಿಸುತ್ತಿರಲಿಲ್ಲ. ತಿಳಿಗಂಜಿ, ಆಮೇಲೆ ಮೆತ್ತನೆಯ ಅನ್ನ, ಆಮೇಲೆ ಮೆಣಸಿನ ಸಾರು. ಫ್ಲಮೆಂಕೊ ವಾದನದ ವಿಶೇಷವೇನೆಂದರೆ ಅದರ ಪ್ರಹಾರಗಳಲ್ಲಿಯೇ ಗಂಜಿಯೂ ಇದೆ, ಹೋಳಿಗೆಯೂ ಇದೆ. ಯಾವುದು ಯಾವುದೆಂದು ತಿಳಿದಿದ್ದರೆ ಸಾಕು.

ಪಟ್ಟಿ ಕಟ್ಟಿದ್ದ ದಿನಗಳಿಂದಲೇ ಆರಂಭಿಸಬಹುದು. ಫ್ಲಮೆಂಕೊದ ಪ್ರಾಣ ಅದರ ‘ಕೊಂಪಾಸ್’, ಅಂದರೆ ತಾಳಚಕ್ರ. ಸೊಲೆಯಾ, ಬುಲೇರಿಯಾಸ್ ಮುಂತಾದ ಪ್ರಕಾರಗಳಲ್ಲಿ ಅದು 12 ಮಾತ್ರೆಗಳದ್ದು. ಗಡಿಯಾರದ ಮುಖದಂತೆ ಎಣಿಸಿದರೆ 12, 3, 6, 8 ಮತ್ತು 10ರ ಮೇಲೆ ಒತ್ತು ಬೀಳುತ್ತದೆ. ನನ್ನ ತಂಗಿ ಹುಡುಗಿಯಾಗಿದ್ದಾಗ ಸಂಗೀತದ ಜೂನಿಯರ್ ಪರೀಕ್ಷೆಗೆ ಕಟ್ಟಿದವಳು. ಮಗ ಒಂದು ಕೈಯಲ್ಲಿ ಮೇಜು ಕುಟ್ಟುತ್ತ ಇದನ್ನು ಎಣಿಸುವುದನ್ನು ನೋಡಿ, “ಇದೇನು ಮಹಾ, ತಕಿಟ ತಕಿಟ ತಕ ತಕ ತಕ ಅಷ್ಟೇ ತಾನೆ?” ಎಂದಳು. ಲೆಕ್ಕ ಸರಿಯಾಗಿಯೇ ಇತ್ತು: ಮೂರು, ಮೂರು, ಎರಡು, ಎರಡು, ಎರಡು. ಅಲ್ಲಿಂದ ಐದು ವಾರ ಆ ಮನೆಯಲ್ಲಿ ಕೊನ್ನಕ್ಕೋಲೇ ಕೊನ್ನಕ್ಕೋಲು. ಸ್ಪೇನಿನಲ್ಲಿಯೂ ಗಿಟಾರ್ ಕಲಿಯುವವರು ಮೊದಲು ಹಾಡಿಗೂ ಕುಣಿತಕ್ಕೂ ಚಪ್ಪಾಳೆ ಹಾಕಿ ತಾಳ ಕಲಿಯುವುದೇ ರೂಢಿ. ಅಂತರ್ಜಾಲದಲ್ಲಿ ಕಲಿತ ನಮ್ಮ ಹುಡುಗ ಆ ಮೆಟ್ಟಿಲನ್ನು ಹಾರಿಬಂದಿದ್ದ, ಗಾಯ ಅವನನ್ನು ಅಲ್ಲಿಗೆ ಮರಳಿ ಕರೆದೊಯ್ದಿತು.

ದಕ್ಷಿಣದ ಲಯ ಬರೋಡೆಗೆ ಬಂದದ್ದು ಇದೇ ಮೊದಲಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಬರೋಡೆಯ ಮೌಲಾ ಬಕ್ಷ್ ಅವರು ಮೈಸೂರಿನ ಆಸ್ಥಾನಕ್ಕೆ ಹೋಗಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿ ಬಂದವರು. ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1886ರಲ್ಲಿ ಅವರು ಆರಂಭಿಸಿದ ಗಾಯನಶಾಲೆಯೇ ಇಂದು ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ.

ಬಲಗೈ ಪಟ್ಟಿಯಲ್ಲಿದ್ದರೂ ಎಡಗೈ ಸುಮ್ಮನಿರಬೇಕಿಲ್ಲ. ಬಲಗೈ ಮೀಟದೆಯೇ ಎಡಗೈ ಬೆರಳನ್ನು ತಂತಿಯ ಮೇಲೆ ಬಡಿದು, ಬಿಡುವಾಗ ಸ್ವಲ್ಪ ಸೆಳೆದು ನಾದ ಹೊರಡಿಸುವ ‘ಲಿಗಾದೊ’ ಎಂಬ ಕ್ರಮ ಫ್ಲಮೆಂಕೊದಲ್ಲಿ ಹೇರಳವಾಗಿದೆ. ಸದ್ದು ಕ್ಷೀಣ, ಆದರೆ ಎಡಗೈಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ.

ಪಟ್ಟಿ ಬಿಚ್ಚಿದಾಗ ಹುಡುಗ ನಡುಗಿಹೋದ. ಕೈ ಬಡಕಲಾಗಿತ್ತು, ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. “ಮಾವ, ಇದು ನನ್ನ ಕೈಯೇ ಅಲ್ಲ ಅನ್ನಿಸ್ತಿದೆ ನೋಡಿ” ಎಂದ. ಫಿಸಿಯೋಥೆರಪಿ ಮಾಡಿಸುತ್ತಿದ್ದ ಗುಜರಾತಿ ಹೆಣ್ಣುಮಗಳಿಗೆ ಗಿಟಾರಿನ ಗಂಧವಿರಲಿಲ್ಲ. ಆದರೆ ಜಾಣೆ. ವಾದ್ಯವನ್ನೇ ತರಿಸಿ, ಒಂದೊಂದು ಪ್ರಹಾರವನ್ನೂ ಎಡಗೈಯಿಂದ ನಿಧಾನವಾಗಿ ಮಾಡಿ ತೋರಿಸಲು ಹೇಳಿದರು. ಯಾವುದರಲ್ಲಿ ಯಾವ ಬೆರಳು ಎತ್ತ ಎಳೆಯುತ್ತದೆಂದು ನೋಡಿ ಒಂದು ಸರದಿ ಹಾಕಿಕೊಟ್ಟರು. ಆ ಸರದಿಯಲ್ಲಿ ಈ ಶೈಲಿಯ ಅಂಗರಚನೆಯೇ ಕಾಣುತ್ತದೆ.

ಗಂಜಿ ಎಂದರೆ ಹೆಬ್ಬೆರಳು. ಅದರ ರಜ್ಜುಗಳು ಬೇರೆ, ಗಾಯಕ್ಕೆ ದೂರ. ಫ್ಲಮೆಂಕೊದಲ್ಲಿ ಹೆಬ್ಬೆರಳು ತಂತಿಯನ್ನು ತಳ್ಳಿ ಕೆಳಗಿನ ತಂತಿಯ ಮೇಲೆ ಒರಗಿ ನಿಲ್ಲುತ್ತದೆ. ಶ್ರಮಕ್ಕಿಂತ ಭಾರವೇ ಕೆಲಸ ಮಾಡುತ್ತದೆ. ದಿನಕ್ಕೆ ಮೂರು ಸಲ, ಸಲಕ್ಕೆ ಐದೇ ನಿಮಿಷ. ಆಮೇಲೆ ತೋರುಬೆರಳು, ನಡುಬೆರಳುಗಳಿಂದ ಮೃದುವಾಗಿ ಬಿಡಿ ತಂತಿಗಳನ್ನು ಮೀಟುವುದು. ಅದು ಒಗ್ಗಿದ ಮೇಲೆ ‘ಪಿಕಾದೊ’: ಅದೇ ಎರಡು ಬೆರಳುಗಳು ನಡೆಯುವ ಕಾಲುಗಳಂತೆ ಸರದಿಯಲ್ಲಿ ತಂತಿಯ ಮೇಲೆ ಹೆಜ್ಜೆಯಿಡುವ ಕ್ರಮ. ಪಾಕೊ ದೆ ಲೂಸಿಯಾ (1947–2014) ಅವರ ಪಿಕಾದೊ ಕೇಳಿದವರಿಗೆ ಅದು ಎಂಥ ಮಿಂಚೆಂದು ಗೊತ್ತು; ನಮ್ಮ ಹುಡುಗನಿಗೆ ಅದು ಮುದುಕರ ವಾಯುವಿಹಾರದ ವೇಗದಲ್ಲಿಯೇ ಎರಡು ತಿಂಗಳು ನಡೆಯಿತು.

ಹೊರಮುಖದ ಪ್ರಹಾರ ಬಂದದ್ದು ಕಟ್ಟಕಡೆಗೆ, ಅದೂ ತೋರುಬೆರಳೊಂದರಿಂದಲೇ. ಅದಕ್ಕೆ ಸ್ವಂತ ರಜ್ಜು ಇದೆಯೆಂದು ಮೊದಲೇ ಹೇಳಿದ್ದೇನೆ. ಫ್ಲಮೆಂಕೊದ ಎಷ್ಟೋ ಲಯಗಳನ್ನು ತೋರುಬೆರಳೊಂದನ್ನೇ ಕೆಳಕ್ಕೂ ಮೇಲಕ್ಕೂ ಆಡಿಸಿ ನುಡಿಸಬಹುದು, ಹಾಗೆ ನುಡಿಸುವ ಪರಿಪಾಠವೂ ಉಂಟು. ಎರಡನೆಯದು ಕಿರುಬೆರಳು. ನಡುಬೆರಳು, ಉಂಗುರಬೆರಳುಗಳ ಸರದಿ ಕೊನೆಗೆ. ಇಲ್ಲಿ ಎರಡು ಕಡೆಯಿಂದ ಅಪಾಯವಿದೆಯೆಂಬುದನ್ನು ಗಮನಿಸಬೇಕು. ಬೆರಳನ್ನು ರಭಸದಿಂದ ಬಿಚ್ಚಿದರೆ ಹೊಲಿದ ರಜ್ಜಿನ ಮೇಲೆ ಎಳೆತ ಬೀಳುವುದು ಸರಿಯೇ. ಆದರೆ ಬಿಚ್ಚುವ ಮುನ್ನ ಬೆರಳುಗಳನ್ನು ಅಂಗೈಯೊಳಕ್ಕೆ ಬಿಗಿಯಾಗಿ ಮಡಚುತ್ತೇವಲ್ಲ, ಆಗಲೂ ಹಿಂಬದಿಯ ರಜ್ಜು ಹಿಗ್ಗುತ್ತದೆ. ರಾಸ್ಗೆಯಾದೊ ಆರಂಭಿಸಿದವರು ಮುಷ್ಟಿಯನ್ನು ಅರ್ಧಕ್ಕೇ ನಿಲ್ಲಿಸಿ ಅಭ್ಯಾಸ ಮಾಡಬೇಕಾದದ್ದು ಇದೇ ಕಾರಣಕ್ಕೆ.

ಪಥ್ಯದ ಪರೀಕ್ಷೆ ಮರುದಿನದ ಬೆಳಗ್ಗೆ. ನುಡಿಸುವಾಗ ಆಗುವ ಸಣ್ಣ ಎಳೆತ ಅಷ್ಟು ಮುಖ್ಯವಲ್ಲ. ಬೆಳಗ್ಗೆ ಎದ್ದಾಗ ಕೈ ಊದಿದ್ದರೆ ಅಥವಾ ಹಿಂದಿನ ದಿನಕ್ಕಿಂತ ಬಿಗಿದಿದ್ದರೆ ಪ್ರಮಾಣ ಹೆಚ್ಚಾಯಿತೆಂದೇ ಅರ್ಥ. ಆ ಹೆಣ್ಣುಮಗಳು ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದುದು ಎರಡೇ ಮಾತು, ‘ಧೀಮೆ ಧೀಮೆ’. ಆಸ್ಪತ್ರೆಯ ಮೇಣದ ಸ್ನಾನ, ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಚ್ಚುವ ವ್ಯಾಯಾಮ ಇವೆಲ್ಲ ಇದ್ದವು. ಮನೆಯ ಮದ್ದನ್ನು ಸೇರಿಸಿದವಳು ನನ್ನ ತಂಗಿ. ಚಪಾತಿ ಹಿಟ್ಟು ನಾದಿದರೆ ಮಡಚುವ ಬಲ ಬರುತ್ತದೆ, ಅಕ್ಕಿರೊಟ್ಟಿ ತಟ್ಟಿದರೆ ಬೆರಳು ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ. ಫಿಸಿಯೋಥೆರಪಿಯವರನ್ನು ಕೇಳಿಯೇ ಆರಂಭಿಸಿದ್ದು. ಮೂರು ತಿಂಗಳು ಆ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಅಕ್ಕಿರೊಟ್ಟಿಯಾಗಿ, ಭಾವನವರು ಕೊನೆಗೆ ಇಡ್ಲಿಯ ಹೆಸರು ಹೇಳಿ ಗೋಗರೆಯತೊಡಗಿದರು.

ಪೆಟ್ಟು ಬಿದ್ದದ್ದು ಎಡಗೈಗಾದರೆ ಲೆಕ್ಕವೇ ಬೇರೆ. ಅಲ್ಲಿ ಸಮಸ್ಯೆ ಒತ್ತುವ ಬಲ ಮತ್ತು ಚಾಚುವ ಅಂತರ. ಇವೆರಡನ್ನೂ ತಗ್ಗಿಸುವ ಉಪಾಯ ಫ್ಲಮೆಂಕೊ ಗಿಟಾರಿನಲ್ಲಿ ಮೊದಲೇ ಇದೆ: ಕುತ್ತಿಗೆಗೆ ಅಡ್ಡಲಾಗಿ ಕಟ್ಟುವ ‘ಸೆಹೀಯಾ’, ಅಂಗಡಿಯ ಮಾತಿನಲ್ಲಿ ಕ್ಯಾಪೊ. ಗಾಯಕರ ಶ್ರುತಿಗೆ ಹೊಂದಿಸಲು ಬಂದ ಈ ಸಾಧನ ಗಾಯಾಳುಗಳಿಗೂ ವರವೇ. ವೀಣೆಯಂತೆ ಗಿಟಾರಿನಲ್ಲಿಯೂ ಮೆಟ್ಟಿಲುಗಳು ಮೇಲೇರಿದಂತೆ ಕಿರಿದಾಗುತ್ತವೆ. ತಂತಿಯ ಉದ್ದ 650 ಮಿ.ಮೀ. ಇದ್ದರೆ ಮೊದಲ ಮೆಟ್ಟಿಲಿನ ಅಗಲ ಸುಮಾರು 36 ಮಿ.ಮೀ.; ಐದನೆಯ ಮೆಟ್ಟಿಲಿಗೆ ಕ್ಯಾಪೊ ಹಾಕಿದರೆ ಅದರ ಮುಂದಿನದು 27 ಮಿ.ಮೀ. ಮಾತ್ರ. ಬೆರಳು ಚಾಚುವ ಶ್ರಮ ಕಾಲುಭಾಗ ಉಳಿಯಿತು. ಇನ್ನೊಂದು ಉಪಾಯ ಶ್ರುತಿ ಇಳಿಸುವುದು. ತಂತಿಯ ಬಿಗುವು ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ ಎರಡು ಮೆಟ್ಟಿಲಿನಷ್ಟು ಶ್ರುತಿ ಇಳಿಸಿದರೆ ಬಿಗುವು ಶೇಕಡಾ 20ರಷ್ಟು ತಗ್ಗುತ್ತದೆ. ಆಮೇಲೆ ಎರಡನೆಯ ಮೆಟ್ಟಿಲಿಗೆ ಕ್ಯಾಪೊ ಹಾಕಿದರೆ ಶ್ರುತಿ ಮೊದಲಿನದೇ, ಆದರೆ ತಂತಿ ಮೆತ್ತಗೆ, ಮೆಟ್ಟಿಲು ಕಿರಿದು. ಬಡ್ಡಿಯಿಲ್ಲದ ಸಾಲದಂತೆ, ಇಂಥದು ಲೋಕದಲ್ಲಿ ಅಪರೂಪ!

ಶ್ರುತಿ ಇಳಿಸುವ ಉಪಾಯವನ್ನು ಪ್ರಸಿದ್ಧಗೊಳಿಸಿದವನು ಫ್ಲಮೆಂಕೊದವನಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಟೋನಿ ಅಯೋಮಿ 1965ರಲ್ಲಿ ತನ್ನ 17ನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದರ ಪ್ರೆಸ್ ಯಂತ್ರಕ್ಕೆ ಬಲಗೈಯ ನಡುಬೆರಳು, ಉಂಗುರಬೆರಳುಗಳ ತುದಿಗಳನ್ನು ಕಳೆದುಕೊಂಡ. ಎಡಚನಾದ ಅವನಿಗೆ ತಂತಿಯೊತ್ತುವ ಕೈಯೇ ಅದು. ಅಂದು ಅವನ ಕೆಲಸದ ಕೊನೆಯ ದಿನವಾಗಿತ್ತೆಂಬುದು ವಿಧಿಯ ವ್ಯಂಗ್ಯ. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಬೆರಳತುದಿಗೆ ತೊಡುವ ಟೋಪಿಗಳನ್ನು ಮಾಡಿಕೊಂಡು ಅದಕ್ಕೆ ತೊಗಲು ಅಂಟಿಸಿದ. ತೆಳುವಾದ ತಂತಿಗಳನ್ನು ಹುಡುಕಿದ. 1971ರ ಹೊತ್ತಿಗೆ ಶ್ರುತಿಯನ್ನು ಮೂರು ಮೆಟ್ಟಿಲು ಇಳಿಸಿದ. ಅವನ ‘ಬ್ಲ್ಯಾಕ್ ಸಬಾತ್’ ತಂಡದ ಆ ಭಾರವಾದ, ಕತ್ತಲೆಯಂಥ ನಾದ ನನ್ನ ಕಿವಿಗೆ ಒಗ್ಗುವಂಥದಲ್ಲ. ಆದರೆ ಒಂದು ಹೊಸ ಸಂಗೀತಪ್ರಕಾರದ ಹುಟ್ಟಿನಲ್ಲಿ ಪ್ರೆಸ್ ಯಂತ್ರವೊಂದರ ಪಾಲಿದೆಯೆಂಬುದು ಮಕರಪುರದವರು ಯೋಚಿಸಬೇಕಾದ ವಿಷಯ.

ಆಸೆ ಬಿಟ್ಟಿದ್ದ ಅಯೋಮಿಗೆ ಕಾರ್ಖಾನೆಯ ಮೇಲಧಿಕಾರಿ ಒಂದು ಧ್ವನಿಮುದ್ರಿಕೆ ಕೇಳಿಸಿದರು. ನುಡಿಸಿದವನು ಜಾಂಗೊ ರೈನ್‌ಹಾರ್ಟ್ (1910–1953), ಬೆಲ್ಜಿಯಮ್ಮಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದ ರೋಮಾ ಗಿಟಾರ್ ವಾದಕ. ಖಿತಾನೊಗಳ ದೂರದ ದಾಯಾದಿ ಎನ್ನಬಹುದು. 1928ರಲ್ಲಿ ಪ್ಯಾರಿಸ್ ಹೊರವಲಯದಲ್ಲಿ ಅವನ ವಾಸದ ಗಾಡಿಗೆ ಬೆಂಕಿ ತಗುಲಿತು. ಹೆಂಡತಿ ಮಾರಾಟಕ್ಕೆಂದು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂಗಳು ಭುಗಿಲೆಂದವು. ಎಡಗೈಯ ಉಂಗುರಬೆರಳು, ಕಿರುಬೆರಳುಗಳು ಮುರುಟಿಹೋದವು. ತಮ್ಮನು ತಂದುಕೊಟ್ಟ ಗಿಟಾರ್ ಹಿಡಿದು ಸುಮಾರು ಒಂದೂವರೆ ವರ್ಷ ಅವನು ಕೈಯನ್ನು ಮತ್ತೆ ರೂಪಿಸಿಕೊಂಡ. ಓಟದ ಸ್ವರಗಳನ್ನೆಲ್ಲ ಉಳಿದೆರಡು ಬೆರಳುಗಳಿಂದ ಕುತ್ತಿಗೆಯ ಉದ್ದಕ್ಕೂ ಓಡಾಡಿ ನುಡಿಸಿದ. ಮುರುಟಿದ ಬೆರಳುಗಳನ್ನು ಎಸೆಯದೆ ಕೆಲವು ಸ್ವರಮೇಳಗಳಲ್ಲಿ ತಂತಿಯ ಮೇಲೆ ಒರಗಿಸಿ ಬಳಸಿದ. 1934ರಲ್ಲಿ ಪಿಟೀಲುವಾದಕ ಸ್ತೆಫಾನ್ ಗ್ರಪೆಲ್ಲಿಯೊಂದಿಗೆ ಕಟ್ಟಿದ ತಂಡದ ಧ್ವನಿಮುದ್ರಿಕೆಗಳು ಇಂದಿಗೂ ಕೇಳಸಿಗುತ್ತವೆ. ಕೇಳಿದಾಗ ಎಲ್ಲಿಯೂ ಬೆರಳು ಕಡಿಮೆಯೆನಿಸುವುದಿಲ್ಲ.

ಇಂಥ ಕಥೆಗಳನ್ನು ಹೇಳುವಾಗ ಒಂದು ಎಚ್ಚರ ಬೇಕು. ಜಾಂಗೊನಂತೆ ಹಠ ಹಿಡಿದರೆ ಎಲ್ಲರಿಗೂ ಕೈ ಬರುತ್ತದೆಂದು ಅರ್ಥವಲ್ಲ. ಅತಿಯಾದ ಅಭ್ಯಾಸ ಗಾಯವಿಲ್ಲದ ಕೈಯನ್ನೂ ಕೆಡಿಸಬಲ್ಲದು. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಶರ್ (1928–2020) ಅವರ ಬಲಗೈಯ ಎರಡು ಬೆರಳುಗಳು 1960ರ ದಶಕದಲ್ಲಿ ತಾವಾಗಿ ಮಡಚಿಕೊಳ್ಳತೊಡಗಿದವು. ನರವ್ಯೂಹದ ಈ ವಿಕಾರಕ್ಕೆ ಡಿಸ್ಟೋನಿಯ ಎನ್ನುತ್ತಾರೆ. ಎರಡೂ ಕೈಗಳ ವಾದನಕ್ಕೆ ಅವರು ಮರಳಲು ಮೂರು ದಶಕ ಹಿಡಿಯಿತು.

ಸ್ಪರ್ಶ ಕಳೆದುಕೊಂಡ ಬೆರಳಿನ ಬಗೆಗೂ ಹೇಳಬೇಕು. ಅಂಗೈಯ ಕಡೆಗೆ ಆಳವಾದ ಗಾಯವಾಗಿ ನರ ತುಂಡಾದರೆ ಬೆರಳತುದಿ ಜೋಮು ಹಿಡಿದಂತಿರುತ್ತದೆ. ಹೊಲಿದ ನರ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ, ಮಣಿಕಟ್ಟಿನಿಂದ ಬೆರಳತುದಿಗೆ 18 ಸೆಂ.ಮೀ. ಎಂದರೆ ಆರು ತಿಂಗಳ ದಾರಿ. ಈ ಅವಧಿಯಲ್ಲಿ ತಂತಿ ಚರ್ಮವನ್ನು ಕೊರೆದರೂ ವಾದಕನಿಗೆ ತಿಳಿಯದು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಬಾಲ್ಯ ಕಳೆದು 1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ದುಡಿದ ಪಾಲ್ ಬ್ರ್ಯಾಂಡ್ (1914–2003) ಅವರು ಕುಷ್ಠರೋಗಿಗಳ ಕೈಗಳನ್ನು ಅಧ್ಯಯನ ಮಾಡಿ ಇದನ್ನೇ ಜಗತ್ತಿಗೆ ತಿಳಿಸಿದರು. ಆ ಬೆರಳುಗಳು ರೋಗದಿಂದ ಕೊಳೆತು ಬೀಳುತ್ತಿರಲಿಲ್ಲ. ನೋವೆಂಬ ಕಾವಲುಗಾರನಿಲ್ಲದೆ ದಿನನಿತ್ಯದ ಸಣ್ಣ ಪೆಟ್ಟುಗಳಿಂದ ಸವೆಯುತ್ತಿದ್ದವು. ಮುದುರಿದ ಬೆರಳುಗಳನ್ನು ಬಿಚ್ಚಲು ಅವರು ಆರೋಗ್ಯವಾದ ರಜ್ಜುಗಳನ್ನು ಬೇರೆಡೆಗೆ ತಿರುಗಿಸಿ ಹೊಲಿದ ಶಸ್ತ್ರಕ್ರಿಯೆಗಳು ಕೈಚಿಕಿತ್ಸೆಯ ಇತಿಹಾಸದಲ್ಲಿ ದೊಡ್ಡ ಹೆಸರು ಪಡೆದವು. ಜೋಮು ಬೆರಳಿನವರು ಗಿಟಾರ್ ಹಿಡಿಯುವುದಾದರೆ ಐದು ನಿಮಿಷಕ್ಕೊಮ್ಮೆ ಕಣ್ಣಿನಿಂದ ಬೆರಳನ್ನು ನೋಡಿಕೊಳ್ಳಬೇಕು.

ನನ್ನ ಸೋದರಳಿಯನಿಗೆ ಈಗ ಒಂಬತ್ತನೆಯ ತಿಂಗಳು. ಹೆಬ್ಬೆರಳೊಂದನ್ನೇ ಕೆಳಕ್ಕೂ ಮೇಲಕ್ಕೂ ಬೀಸುವ ‘ಅಲ್ಸಾಪುವಾ’ ಎಂಬ ಪ್ರಹಾರ ಮೊದಲಿಗಿಂತಲೂ ಚೆನ್ನಾಗಿದೆ. ಬೇರೆ ಬೆರಳುಗಳು ರಜೆಯಲ್ಲಿದ್ದಾಗ ಹೆಬ್ಬೆರಳು ದುಡಿದದ್ದರ ಫಲ. ನಾಲ್ಕು ಬೆರಳಿನ ರಾಸ್ಗೆಯಾದೊ ನಿಧಾನಗತಿಯಲ್ಲಿ ಬರುತ್ತದೆ. ವೇಗ ಹೆಚ್ಚಿಸಿದರೆ ಮೂರನೆಯ ಸದ್ದು ನುಂಗಿಹೋಗುತ್ತದೆ. ಗಿಟಾರಿನ ಮೈಮೇಲೆ ಉಂಗುರಬೆರಳಿನಿಂದ ಟಕ್ಕೆಂದು ಕುಟ್ಟುವ ‘ಗೋಲ್ಪೆ’ಗೆ ಇನ್ನೂ ಅನುಮತಿ ಸಿಕ್ಕಿಲ್ಲ. ಸೊಲೆಯಾ ನುಡಿಸುವಾಗ ಹತ್ತನೆಯ ಮಾತ್ರೆಗೆ ಬೀಳಬೇಕಾದ ಆ ಪೆಟ್ಟನ್ನು ಸದ್ಯಕ್ಕೆ ಅವನ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಚಪ್ಪಾಳೆಯಿಂದ ತುಂಬಿಕೊಡುತ್ತಾಳೆ.